ರಿಡ್ಯೂಸ್ ಆಯಿತೋ, ರಿಡ್ಯೂಸ್ ಮಾಡಿದರೋ?

ಓದುಗರ ಪ್ರಶ್ನೆಗೆ ಉತ್ತರ: ಇಂಗ್ಲಿಷ್ ಬಳಕೆ

ಪ್ರಶ್ನೆ: ಕಚೇರಿಯ ಟಿಪ್ಪಣಿಯಲ್ಲಿ ‘ದ ನಂಬರ್ ಆಫ್ ಕಂಪ್ಲೇಂಟ್ಸ್ ಹ್ಯಾಸ್ ರಿಡ್ಯೂಸ್ಡ್’ ಎಂದು ಬರೆದಿದ್ದೆ. ಮೇಲಧಿಕಾರಿಗಳು ‘ರಿಡ್ಯೂಸ್ಡ್’ ಹೊಡೆದುಹಾಕಿ ‘ಫಾಲನ್’ ಎಂದು ತಿದ್ದಿದರು. ಎರಡಕ್ಕೂ ಅರ್ಥ ಒಂದೇ ಅಲ್ಲವೇ?
– ದ್ವಿತೀಯ ದರ್ಜೆ ಸಹಾಯಕಿ, ಹಾವೇರಿ

ಉತ್ತರ: ಒಂದೇ ಅಲ್ಲ. ‘ರಿಡ್ಯೂಸ್’ ಎಂದರೆ ಕಡಿಮೆ ಮಾಡು. ‘ಫಾಲ್’ ಎಂದರೆ ಕಡಿಮೆಯಾಗು. ತೊಡಕು ಹುಟ್ಟುವುದು ನಮ್ಮ ದಿನನಿತ್ಯದ ಮಾತಿನಲ್ಲಿ. ‘ಜ್ವರ ರಿಡ್ಯೂಸ್ ಆಗಿದೆ’ ಅನ್ನುತ್ತೇವೆ, ‘ರೇಟ್ ರಿಡ್ಯೂಸ್ ಮಾಡಿ’ ಅಂತಲೂ ಅನ್ನುತ್ತೇವೆ. ಎರಡೂ ಕಡೆ ನಿಜವಾದ ಕೆಲಸ ಮಾಡುತ್ತಿರುವುದು ‘ಆಗು’ ಮತ್ತು ‘ಮಾಡು’. ಅದೇ ಮಾತು ಇಂಗ್ಲಿಷಿಗೆ ಹೋಗುವಾಗ ಇವೆರಡೂ ಉದುರಿಹೋಗಿ ಬರೀ ‘ರಿಡ್ಯೂಸ್ಡ್’ ಉಳಿಯುತ್ತದೆ.

ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. ಬರೆಯುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಇಳಿ–ಇಳಿಸು, ತಗ್ಗು–ತಗ್ಗಿಸು, ಕುಗ್ಗು–ಕುಗ್ಗಿಸು, ಬತ್ತು–ಬತ್ತಿಸು. ‘ಇಸು’ ಬಂತೆಂದರೆ ಆ ಕೆಲಸ ಮಾಡುವವರು ಯಾರೋ ಇದ್ದಾರೆ. ಆಗ ‘ರಿಡ್ಯೂಸ್’, ‘ಲೋವರ್’, ‘ಕಟ್’. ‘ಇಸು’ ಇಲ್ಲ, ತಾನಾಗಿ ಇಳಿಯಿತು ಎಂದಾದರೆ ‘ಫಾಲ್’, ‘ಡ್ರಾಪ್’, ‘ಗೋ ಡೌನ್’. ‘ಡಿಕ್ರೀಸ್’, ‘ಶ್ರಿಂಕ್’, ‘ಲೆಸನ್’, ‘ಡಿಮಿನಿಶ್’ ಎರಡೂ ಕಡೆಗೆ ಒಗ್ಗುತ್ತವೆ. ಹೀಗಾಗಿ ಅನುಮಾನ ಬಂದಾಗ ‘ಡಿಕ್ರೀಸ್’ ಹಾಕಿದರೆ ಕೆಡುವುದಿಲ್ಲ. ಕ್ರಿಯಾಪದವಾದಾಗ ಒತ್ತು ಕೊನೆಗೆ ಬೀಳುತ್ತದೆ, ‘ಡಿಕ್ರೀಸ್’. ನಾಮಪದವಾದಾಗ ಮೊದಲಿಗೆ, ‘ಡೀಕ್ರೀಸ್’.

‘ರಿಡ್ಯೂಸ್’ ತಾನಾಗಿ ಆಗುವ ಅರ್ಥದಲ್ಲಿ ಸಹಜವಾಗಿ ಬರುವ ಜಾಗವೆಂದರೆ ಅಡುಗೆಮನೆ. ‘ಲೆಟ್ ದ ಸಾಸ್ ರಿಡ್ಯೂಸ್’ ಎಂದರೆ ಸಾಸ್ ಬತ್ತಲಿ ಬಿಡಿ ಎಂದರ್ಥ. ನಿಮ್ಮ ಟಿಪ್ಪಣಿಗೆ ‘ಹ್ಯಾಸ್ ಫಾಲನ್’ ಸರಿ. ಇಲಾಖೆಯೇ ಶ್ರಮಪಟ್ಟು ದೂರುಗಳನ್ನು ಕಡಿಮೆ ಮಾಡಿದೆ ಎಂದು ತೋರಿಸಬೇಕಿದ್ದರೆ ‘ಹ್ಯಾಸ್ ಬೀನ್ ರಿಡ್ಯೂಸ್ಡ್’. ಆ ‘ಬೀನ್’ ಬಿಟ್ಟರೆ ಕೆಲಸ ಮಾಡಿದವರೇ ಕಾಣದಂತಾಗುತ್ತಾರೆ.

ಪ್ರಶ್ನೆ: ವಿದೇಶದಲ್ಲಿರುವ ಸೊಸೆಗೆ ಕಷಾಯ ಮಾಡುವ ವಿಧಾನವನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ‘ರಿಡ್ಯೂಸ್ ಬೈ ಎ ಕ್ವಾರ್ಟರ್’ ಎಂದು ಬರೆದಿದ್ದೆ. ಅವಳ ಕಷಾಯ ನೀರು ನೀರಾಗಿ ಬಂತಂತೆ.
– ಗೃಹಿಣಿ, ಶಿರಸಿ

ಉತ್ತರ: ಸೊಸೆಯದು ತಪ್ಪಿಲ್ಲ, ನೀವು ಬರೆದಂತೆಯೇ ಮಾಡಿದ್ದಾರೆ. ‘ಬೈ ಎ ಕ್ವಾರ್ಟರ್’ ಎಂದರೆ ಕಾಲುಭಾಗದಷ್ಟು ಹೋಗಬೇಕು ಎಂದು. ನಾಲ್ಕರಲ್ಲಿ ಒಂದು ಲೋಟ ಆವಿಯಾಗಿ ಮೂರು ಉಳಿಯುತ್ತದೆ. ನಿಮಗೆ ಬೇಕಿದ್ದದ್ದು ‘ಟು ಎ ಕ್ವಾರ್ಟರ್’, ಅಂದರೆ ಕಾಲುಭಾಗಕ್ಕೆ. ಮೂರು ಲೋಟ ಹೋಗಿ ಒಂದು ಉಳಿಯಬೇಕು.

ಕನ್ನಡದಲ್ಲಿ ‘-ಅಷ್ಟು’ ಇದ್ದಲ್ಲಿ ‘ಬೈ’, ‘-ಕ್ಕೆ’ ಇದ್ದಲ್ಲಿ ‘ಟು’. ಎರಡೂ ಒಂದೇ ಆಗುವುದು ಅರ್ಧದ ಲೆಕ್ಕದಲ್ಲಿ ಮಾತ್ರ. ಅಡುಗೆ ಬರೆಯುವಾಗ ಭಿನ್ನರಾಶಿಯ ಗೊಡವೆಗೇ ಹೋಗದೆ ‘ಬಾಯ್ಲ್ ಅಂಟಿಲ್ ಒನ್ ಕಪ್ ರಿಮೇನ್ಸ್’ ಎಂದುಬಿಡುವುದು ಒಳ್ಳೆಯದು. ಉಳಿಯಬೇಕಾದ್ದನ್ನು ಹೇಳಿದರೆ ಓದುವವರು ಎಡವುವುದಿಲ್ಲ.

ಪ್ರಶ್ನೆ: ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಕೆಲವರು ‘10 ಪರ್ಸೆಂಟ್ ಕಟ್’ ಎಂದರು. ಅಂಗಡಿಯಲ್ಲಿ ಬೆಲೆ ಅಷ್ಟು ಇಳಿದಿರಲಿಲ್ಲ. ಮಾತು ತಪ್ಪೋ, ಲೆಕ್ಕ ತಪ್ಪೋ?
– ಬಿಕಾಂ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮಾತು ತಪ್ಪು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದಲ್ಲಿ ಏರ್ ಕಂಡೀಷನರ್ 28ರಿಂದ 18ಕ್ಕೆ ಬಂತು. ತೆರಿಗೆ ಸೇರುವ ಮುಂಚಿನ ಬೆಲೆ 30,000 ರೂಪಾಯಿ ಎಂದುಕೊಳ್ಳಿ. ಮೊದಲು 38,400, ಈಗ 35,400. ಇಳಿದದ್ದು 3,000; ಹಳೆಯ ಬೆಲೆಯ ಮೇಲೆ ಇದು ಶೇ 7.8ರಷ್ಟು. ತೆರಿಗೆಯ ದರ ಇಳಿದದ್ದು 10 ‘ಪರ್ಸೆಂಟೇಜ್ ಪಾಯಿಂಟ್ಸ್’, ಅಂದರೆ 28ರಲ್ಲಿ 18 ಕಳೆದ ನೇರ ವ್ಯತ್ಯಾಸ. ದರವನ್ನೇ ಅದರ ಹಿಂದಿನ ದರಕ್ಕೆ ಹೋಲಿಸಿದರೆ, 28ರಲ್ಲಿ 10 ಹೋದರೆ ಶೇ 35.7ರಷ್ಟು ಇಳಿಕೆ. ಮೂರು ಪ್ರಶ್ನೆಗೆ ಮೂರು ಉತ್ತರ. ಎಲ್ಲಕ್ಕೂ ‘10 ಪರ್ಸೆಂಟ್’ ಅಂಟಿಸಿದರೆ ಕೊಳ್ಳುವವರಿಗೆ ಮೋಸವಾದಂತೆ ಅನಿಸುತ್ತದೆ. ಅದು ಪತ್ರಿಕೆಗಳು ಜಾಗ್ರತೆ ವಹಿಸಲೇಬೇಕಾದ ಜಾಗ.

ಬ್ಯಾಂಕಿನವರು ಈ ಗೊಂದಲ ತಪ್ಪಿಸಲೆಂದೇ ‘ಬೇಸಿಸ್ ಪಾಯಿಂಟ್’ ಬಳಸುತ್ತಾರೆ. ಒಂದು ಪರ್ಸೆಂಟೇಜ್ ಪಾಯಿಂಟಿಗೆ 100 ಬೇಸಿಸ್ ಪಾಯಿಂಟ್. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರ) 6.50ರಿಂದ ಇಳಿಸಿದ್ದನ್ನು ‘ಬೈ 25 ಬೇಸಿಸ್ ಪಾಯಿಂಟ್ಸ್ ಟು 6.25 ಪರ್ಸೆಂಟ್’ ಎಂದು ಹೇಳುತ್ತಾರೆ. ಎಷ್ಟು ಇಳಿಯಿತು, ಎಲ್ಲಿಗೆ ಇಳಿಯಿತು ಎರಡೂ ಒಂದೇ ಉಸಿರಿನಲ್ಲಿ ಬಂದವು.

ಪ್ರಶ್ನೆ: ನೆರೆ ಇಳಿಯಿತು, ಜಲಾಶಯದ ಮಟ್ಟ ಇಳಿಯಿತು, ಮಳೆ ಇಳಿಯಿತು, ಬಾವು ಇಳಿಯಿತು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ಪದ ಸಾಲದೇ?
– ಅನುವಾದಕ, ಮೈಸೂರು

ಉತ್ತರ: ಸಾಲದು. ನೆರೆ ನೀರು ಹಿಂದೆ ಸರಿದು ನೆಲ ಮತ್ತೆ ಕಾಣತೊಡಗಿದರೆ ‘ರಿಸೀಡ್’. ಉಕ್ಕಿದ್ದು ಕೆಳಗೆ ಕೂತರೆ ‘ಸಬ್‌ಸೈಡ್’. ನೆರೆ ಇಳಿದದ್ದಕ್ಕೂ ಬಾವು ಇಳಿದದ್ದಕ್ಕೂ ಇದು ನಡೆಯುತ್ತದೆ, ಬಾವು ಇಳಿದದ್ದಕ್ಕೆ ಮಾತಿನಲ್ಲಿ ‘ಗೋ ಡೌನ್’ ಸಾಕು. ನೆಲವೇ ಕುಸಿದರೂ ‘ಸಬ್‌ಸೈಡ್’ ಎನ್ನುತ್ತಾರೆ, ಹಾಗಾಗಿ ಯಾವುದು ಇಳಿಯಿತು ಎಂದು ಸ್ಪಷ್ಟವಾಗಿ ಹೆಸರಿಸಿ. ಮಳೆಗಾಳಿಯ ಆರ್ಭಟ ತಗ್ಗಿದರೆ ಬರವಣಿಗೆಯಲ್ಲಿ ‘ಅಬೇಟ್’, ಮಾತಿನಲ್ಲಿ ‘ಲೆಟ್ ಅಪ್’. ಸಮುದ್ರದ ಇಳಿತಕ್ಕೆ ‘ಎಬ್’, ಕೃಷ್ಣಪಕ್ಷದ ಚಂದ್ರನಿಗೆ ‘ವೇನ್’.

ಮಟ್ಟ ಎಂಬುದು ಒಂದು ಸಂಖ್ಯೆ. ಅದಕ್ಕೆ ‘ರಿಸೀಡ್’ಗಿಂತ ‘ಫಾಲ್’ ಅಥವಾ ‘ಡ್ರಾಪ್’ ಚೆನ್ನಾಗಿ ಒಪ್ಪುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ತುಂಬಿದ ಅಣೆಕಟ್ಟೆಯಲ್ಲಿ 4 ಅಡಿ ಇಳಿದರೆ ‘ದ ಲೆವೆಲ್ ಫೆಲ್ ಬೈ 4 ಫೀಟ್ ಟು 120.80 ಫೀಟ್’. ಆದರೆ ಹೊರಹರಿವನ್ನು ಗೇಟು ಇಳಿಸಿ ಕಡಿಮೆ ಮಾಡುವವರು ಎಂಜಿನಿಯರುಗಳು. ಅಲ್ಲಿ ‘ದ ಔಟ್‌ಫ್ಲೋ ವಾಸ್ ರಿಡ್ಯೂಸ್ಡ್’ ಎಂದೇ ಬರೆಯಬೇಕು.

ಪ್ರಶ್ನೆ: ಬಟ್ಟೆ ‘ಶ್ರಿಂಕ್’ ಆಗುವುದಕ್ಕೂ ‘ಶ್ರಿವೆಲ್’ ಆಗುವುದಕ್ಕೂ ಏನು ವ್ಯತ್ಯಾಸ?
– ಟೈಲರ್, ಗದಗ

ಉತ್ತರ: ಬಟ್ಟೆ ‘ಶ್ರಿವೆಲ್’ ಆಗುವುದಿಲ್ಲ. ನೀರು ಆರಿ ಸಿಪ್ಪೆ ಸುಕ್ಕುಗಟ್ಟುವುದು ‘ಶ್ರಿವೆಲ್’. ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಮೈ ನೆನೆಸಿಕೊಳ್ಳಿ. ಅಳತೆಯೇ ಕುಗ್ಗಿದರೆ ‘ಶ್ರಿಂಕ್’. ನೇಯುವಾಗಲೂ ನೇಯ್ದ ಬಟ್ಟೆಗೆ ಕೊನೆಯ ಹದ ಕೊಡುವಾಗಲೂ ಹತ್ತಿಯ ಎಳೆಗಳನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ಬಿದ್ದಾಗ ಆ ಬಿಗಿ ಸಡಿಲಿ ಎಳೆ ತನ್ನ ಅಳತೆಗೆ ಮರಳುತ್ತದೆ. ಸೀರೆಯ ಫಾಲನ್ನು ನೆನೆಸಿ ಒಣಗಿಸಿ ಹೊಲಿಯುವುದು ಇದಕ್ಕೇ. ಎರಡೂವರೆ ಮೀಟರಿನ ಫಾಲ್ ನೂರಕ್ಕೆ 4ರಷ್ಟು ಕುಗ್ಗಿದರೂ 10 ಸೆಂಟಿಮೀಟರ್ ಹೋಯಿತು. ಕುಗ್ಗದ ಸೀರೆಯ ಅಂಚು ನೆರಿಗೆಗಟ್ಟುತ್ತದೆ. ಆ ನೆರಿಗೆಗೆ ‘ಪಕರ್’ ಎನ್ನುತ್ತಾರೆ. ಗಿರಾಕಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ದ ಫಾಲ್ ಶ್ರ್ಯಾಂಕ್, ಸೋ ದ ಬಾರ್ಡರ್ ಪಕರ್ಡ್’. ರೂಪಗಳು ಶ್ರಿಂಕ್, ಶ್ರ್ಯಾಂಕ್, ಶ್ರಂಕ್.

ಪ್ರಶ್ನೆ: ‘ಡ್ವಿಂಡಲ್’ ಮತ್ತು ‘ಮಿನಿಮೈಸ್’ ಎರಡನ್ನೂ ‘ಡಿಕ್ರೀಸ್’ ಬದಲು ಬಳಸಬಹುದೇ?
– ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಧಾರವಾಡ

ಉತ್ತರ: ಬೇಡ. ‘ಡ್ವಿಂಡಲ್’ ಎಂದರೆ ಮೆಲ್ಲಮೆಲ್ಲಗೆ ಸವೆದು ಇಲ್ಲವೆನ್ನುವಷ್ಟಾಗುವುದು. ರಣಹದ್ದುಗಳ ಸಂಖ್ಯೆ, ಕಣಜದ ಕಾಳು. ‘ಮಿನಿಮೈಸ್’ ಎಂದರೆ ಸಾಧ್ಯವಾದಷ್ಟೂ ಕೆಳಕ್ಕೆ ತರುವುದು, ಆದ್ದರಿಂದ ‘ಮಿನಿಮೈಸ್ ಬೈ 10 ಪರ್ಸೆಂಟ್’ ಎಂದರೆ ಅರ್ಥವೇ ಕೂಡುವುದಿಲ್ಲ.

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಎಲೆಕ್ಟ್ರಾನ್ ಪಡೆಯುವುದಕ್ಕೆ ‘ರಿಡಕ್ಷನ್’ ಎನ್ನುತ್ತಾರೆ. ಪಡೆದರೆ ಹೆಚ್ಚಾಗಬೇಕಲ್ಲ, ಕಡಿಮೆ ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ‘ರಿಡ್ಯೂಸ್’ ಪದದ ಲ್ಯಾಟಿನ್ ಮೂಲಕ್ಕೆ ‘ಮರಳಿ ಕರೆತರು’ ಎಂಬ ಅರ್ಥ. ಅದಿರನ್ನು ಮತ್ತೆ ಲೋಹದ ಸ್ಥಿತಿಗೆ ತರುವುದು ‘ರಿಡಕ್ಷನ್’. ನಿಮ್ಮ ಪಠ್ಯದ ‘ಅಪಕರ್ಷಣ’. ತೂಕವೂ ಇಳಿಯುತ್ತದೆ. 160 ಕಿಲೋ ಶುದ್ಧ ಫೆರಿಕ್ ಆಕ್ಸೈಡಿನಿಂದ 48 ಕಿಲೋ ಆಕ್ಸಿಜನ್ ಕಳೆದರೆ 112 ಕಿಲೋ ಕಬ್ಬಿಣ. ಎಲೆಕ್ಟ್ರಾನಿನ ಲೆಕ್ಕ ಬಂದದ್ದು ಆಮೇಲೆ. ಅದು ಋಣ ವಿದ್ಯುದಂಶದ ಕಣ, ಬಂದು ಸೇರಿದಷ್ಟೂ ಪರಮಾಣುವಿನ ವಿದ್ಯುದಂಶದ ಅಂಕಿ ಇಳಿಯುತ್ತದೆ: ಮೂರು ಎಲೆಕ್ಟ್ರಾನ್ ಸೇರಿದ ಕಬ್ಬಿಣ +3ರಿಂದ 0ಗೆ ಬರುತ್ತದೆ.