ಇಟ್ಟಿಗೆ ಆಯತವೇ? ಚೆಂಡು ವೃತ್ತವೇ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಐದನೇ ಕ್ಲಾಸ್. ಇಟ್ಟಿಗೆ ತೋರಿಸಿದರೆ ಆಯತ ಅನ್ನುತ್ತಾಳೆ, ಚೆಂಡು ತೋರಿಸಿದರೆ ವೃತ್ತ ಅನ್ನುತ್ತಾಳೆ. ತಪ್ಪು ಅಂತ ಗೊತ್ತು, ಆದರೆ ಯಾಕೆ ಅಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಹೇಗೆ ಹೇಳಿಕೊಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಮಗಳು ಇಟ್ಟಿಗೆಯಲ್ಲಿ ಆಯತವನ್ನು ನಿಜವಾಗಿಯೂ ನೋಡಿದ್ದಾಳೆ. ಮೊದಲು ಅದನ್ನು ಒಪ್ಪಿಕೊಳ್ಳಿ. ಆದರೆ ಅವಳು ಹೇಳಿದ್ದು ಇಟ್ಟಿಗೆಯ ಒಂದು ಮುಖದ ಹೆಸರು, ಇಡೀ ಇಟ್ಟಿಗೆಯದ್ದಲ್ಲ. ಹಾಗಾಗಿ "ತಪ್ಪು" ಅನ್ನಬೇಡಿ. "ಆಯತ ಎಲ್ಲಿದೆ, ಬೆರಳಿಟ್ಟು ತೋರಿಸು" ಅನ್ನಿ.

ನಮ್ಮಲ್ಲಿ ಮಾಡ್ಯುಲರ್ ಇಟ್ಟಿಗೆಯ ಅಳತೆ 19 × 9 × 9 ಸೆಂ.ಮೀ. ನಿಮ್ಮೂರಿನದು ಬೇರೆ ಅಳತೆಯದಾದರೂ ಪರವಾಗಿಲ್ಲ. ಮೇಲಿನ ಗುಳಿಯನ್ನು ಸದ್ಯಕ್ಕೆ ಮರೆತುಬಿಡಿ. ಅವಳೇ ತಿರುಗಿಸಿ ಎಣಿಸಲಿ. ಒಟ್ಟು 6 ಮುಖ. ಉದ್ದನೆಯ ನಾಲ್ಕು ಮುಖಗಳು 19 × 9ರ ಆಯತಗಳು. ಎರಡು ತುದಿಗಳು 9 × 9ರ ಚೌಕಗಳು. ಅಂದರೆ ಒಂದೇ ಇಟ್ಟಿಗೆಯಲ್ಲಿ ಆಯತವೂ ಇದೆ, ಚೌಕವೂ ಇದೆ. ಹಾಗಿದ್ದರೆ ಇಡೀ ಇಟ್ಟಿಗೆಯನ್ನು ಯಾವುದರ ಹೆಸರಿನಿಂದ ಕರೆಯುವುದು? ಈ ಪ್ರಶ್ನೆ ಅವಳಿಗೇ ಹುಟ್ಟಬೇಕು. ಆಗ "ಆಯತ ಘನ" ಅನ್ನುವ ಹೊಸ ಹೆಸರು ಯಾಕೆ ಬೇಕು ಅಂತ ತಾನಾಗಿ ಅರ್ಥವಾಗುತ್ತದೆ. ಆರೂ ಮುಖಗಳು ಚೌಕವಾದರೆ ಅದು ಘನ. ಲೂಡೋ ದಾಳ ಹಾಗೆಯೇ ಇರುತ್ತದೆ.

ಎರಡು ಮುಖ ಸೇರುವ ಗೆರೆಗೆ ಅಂಚು ಅನ್ನುತ್ತೇವೆ. ಅಂಚುಗಳು ಸೇರುವ ಮೂಲೆ ಶೃಂಗ. ಇಟ್ಟಿಗೆಗೆ 12 ಅಂಚು, 8 ಶೃಂಗ.

ಚೆಂಡಿನ ವಿಷಯ ಸ್ವಲ್ಪ ಬೇರೆ. ಅದರ ಮೈಮೇಲೆ ಚಪ್ಪಟೆ ಮುಖವೇ ಇಲ್ಲ, ಹಾಗಾಗಿ ಬೆರಳಿಟ್ಟು ತೋರಿಸಲು ವೃತ್ತ ಸಿಗುವುದಿಲ್ಲ. ಅವಳು ವೃತ್ತ ಅನ್ನುವುದಕ್ಕೆ ಕಾರಣ ಪುಸ್ತಕದ ಚಿತ್ರ. ಹಾಳೆಯ ಮೇಲೆ ಚೆಂಡು ಬರೆದರೆ ದುಂಡನೆಯ ಗೆರೆಯೇ ಬರುತ್ತದೆ, ಅಲ್ವಾ? ಗುಂಡಗಿರುವ ಮೋಸಂಬಿಯೊಂದನ್ನು ಕೊಯ್ದು ತೋರಿಸಿ. ಗೋಳವನ್ನು ನೇರವಾಗಿ ಎಲ್ಲಿ ಕೊಯ್ದರೂ ಕೊಯ್ದ ಜಾಗದ ಅಂಚು ವೃತ್ತವೇ. ನಟ್ಟನಡುವೆ ಕೊಯ್ದರೆ ಸಿಗುವುದು ಎಲ್ಲಕ್ಕಿಂತ ದೊಡ್ಡ ವೃತ್ತ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಆಕೃತಿಗಳ ಬಗ್ಗೆ ಒಂದು ಎಚ್ಚರಿಕೆ. ದಪ್ಪನೆಯ ತುಂಡಿಗೆ "ತ್ರಿಭುಜ" ಅಂತ ಚೀಟಿ ಅಂಟಿಸಿರುತ್ತಾರೆ. ಅದಕ್ಕೆ ದಪ್ಪ ಇದೆ ಅಂದಮೇಲೆ ಅದು ತ್ರಿಭುಜವಲ್ಲ, 5 ಮುಖ, 9 ಅಂಚು, 6 ಶೃಂಗ ಇರುವ ಪಟ್ಟಕ. ಚಿಕ್ಕ ಮಕ್ಕಳ ಗೊಂದಲ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತದೆ. ಆ ತುಂಡನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಸಿ. ಹಾಳೆಯ ಮೇಲೆ ಉಳಿಯುವುದು ತ್ರಿಭುಜ.

ಪ್ರಶ್ನೆ: ಚೌಕವೂ ಒಂದು ಆಯತ ಅಂತ ಟೀಚರ್ ಹೇಳಿದರಂತೆ. ಮಗ ಒಪ್ಪುತ್ತಿಲ್ಲ. ಯಾರು ಸರಿ?
– ಒಬ್ಬ ಓದುಗ, ಶಿರಸಿ

ಉತ್ತರ: ಟೀಚರ್ ಸರಿ. ಆದರೆ ನಿಮ್ಮ ಮಗನ ಅನುಮಾನಕ್ಕೂ ಬೆಲೆ ಇದೆ. ಸುಮಾರು ಕ್ರಿ.ಪೂ. 300ರಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಚೌಕವನ್ನು ಆಯತದಿಂದ ಬೇರೆಯಾಗಿಯೇ ಇಟ್ಟಿದ್ದ. ಇಂದು ನಾವು ನಾಲ್ಕೂ ಕೋನ 90 ಡಿಗ್ರಿ ಇರುವ ಚತುರ್ಭುಜವನ್ನೆಲ್ಲ ಆಯತ ಅನ್ನುತ್ತೇವೆ. ಬಾಹುಗಳು ಸಮ ಇರಬಾರದು ಅಂತ ನಿಯಮವಿಲ್ಲ. ಇದರಿಂದ ದೊಡ್ಡ ಅನುಕೂಲವಿದೆ. ಆಯತದ ಎರಡು ಕರ್ಣಗಳು, ಅಂದರೆ ಎದುರು ಮೂಲೆಗಳನ್ನು ಸೇರಿಸುವ ಗೆರೆಗಳು, ಸಮ ಅಂತ ಒಮ್ಮೆ ಸಾಧಿಸಿದರೆ ಸಾಕು. ಚೌಕಕ್ಕೆ ಅಂತ ಮತ್ತೆ ಸಾಧಿಸಬೇಕಾಗಿಲ್ಲ.

ಹಾಗೆಯೇ ನಾಲ್ಕೂ ಬಾಹು ಸಮ ಇರುವುದರಿಂದ ಚೌಕವು ವಜ್ರಾಕೃತಿಯೂ ಹೌದು. ಆದರೆ ಚೌಕವನ್ನು ಸುಮ್ನೆ ಓರೆಯಾಗಿ ನಿಲ್ಲಿಸಿದರೆ ಅದು ಚೌಕವಾಗಿಯೇ ಉಳಿಯುತ್ತದೆ. ನಿಲ್ಲಿಸಿದ ರೀತಿಯಿಂದ ಹೆಸರು ಬದಲಾಗುವುದಿಲ್ಲ.

ಪ್ರಶ್ನೆ: ಮುಖ + ಶೃಂಗ − ಅಂಚು = 2 ಅಂತ ಕಲಿತಿದ್ದೇನೆ. ಸಿಲಿಂಡರ್‌ಗೆ ಲೆಕ್ಕ ಹಾಕಿದರೆ 1 ಬರುತ್ತದೆ. ಎಲ್ಲಿ ತಪ್ಪಿದೆ?
– ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿನ್ನ ಲೆಕ್ಕ ಸರಿಯಾಗಿದೆ ಪುಟ್ಟಿ. ಎರಡು ಚಪ್ಪಟೆ ಮುಖ, ಒಂದು ಬಾಗಿದ ಮುಖ, ಎರಡು ದುಂಡು ಅಂಚು, ಶೃಂಗ ಸೊನ್ನೆ. 3 + 0 − 2 = 1. ಆದರೆ ಆಯ್ಲರನ ಈ ಸೂತ್ರ ಇರುವುದು ಬಹುಮುಖ ಘನಗಳಿಗೆ. ಅವುಗಳ ಮುಖಗಳೆಲ್ಲ ಚಪ್ಪಟೆ, ಅಂಚುಗಳೆಲ್ಲ ನೇರ. ಸಿಲಿಂಡರ್, ಶಂಕು, ಗೋಳ ಆ ಗುಂಪಿಗೆ ಸೇರುವುದಿಲ್ಲ. ಚೌಕದ ತಳ ಇರುವ ಪಿರಮಿಡ್‌ಗೆ ಹಾಕಿ ನೋಡು: 5 + 5 − 8 = 2. ಪರೀಕ್ಷೆಯಲ್ಲಿ ಸಿಲಿಂಡರ್ ಕೇಳಿದರೆ "ಬಾಗಿದ ಮುಖ ಇರುವುದರಿಂದ ಇದು ಬಹುಮುಖ ಘನವಲ್ಲ, ಸೂತ್ರ ಅನ್ವಯಿಸುವುದಿಲ್ಲ" ಅಂತ ಕಾರಣ ಸಮೇತ ಬರೆ.