ಮಾತು ತೊದಲಿ ಮತ್ತೆ ಸರಿಯಾಯಿತು ಅಂತ ಸುಮ್ನೆ ಕೂರಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮನೆಯವರಿಗೆ 66 ವರ್ಷ, ಬಿಪಿ ಇದೆ. ಎರಡು ತಿಂಗಳ ಹಿಂದೆ ಕ್ಯಾನ್ಸರ್ ಅಂತ ಎಡ ಶ್ವಾಸಕೋಶದ ಮೇಲಿನ ಭಾಗ ತೆಗೆದರು. ಆಪರೇಶನ್ ಆದ ಮೂರನೇ ದಿನ ಎದೆ ಜೋರಾಗಿ ಹೊಡೆದುಕೊಂಡು ಮತ್ತೆ ಐಸಿಯುಗೆ ಹಾಕಿದ್ದರು. ಮನೆಗೆ ಕಳಿಸುವಾಗ ರಕ್ತ ತೆಳು ಮಾಡುವ ಅಪಿಕ್ಸಬಾನ್ ಮಾತ್ರೆ ಬರೆದುಕೊಟ್ಟರು. ಮೂಗಿನಲ್ಲಿ ರಕ್ತ ಬಂತು ಅಂತ ಇವರು ಅದನ್ನು ಬಿಟ್ಟುಬಿಟ್ಟರು. ಮೊನ್ನೆ ಬೆಳಿಗ್ಗೆ ದೋಸೆ ತಿನ್ನುವಾಗ ಮಾತು ತೊದಲಿತು, ಬಲಗೈಯಿಂದ ತುತ್ತು ಜಾರಿತು. ಹತ್ತು ನಿಮಿಷದಲ್ಲಿ ಸರಿಯಾಯಿತು. ಪಿತ್ತ ಇರಬೇಕು ಅಂತ ಕಷಾಯ ಕುಡಿದು ತೋಟಕ್ಕೆ ಹೋದರು. ಶ್ವಾಸಕೋಶದ ಆಪರೇಶನ್ನಿಗೂ ಹೃದಯ, ಮಿದುಳಿಗೂ ಏನು ಸಂಬಂಧ? ಮಾತ್ರೆ ಎಷ್ಟು ದಿನ? ಒಂದೆಲಗದ ತಂಬುಳಿ ತಿನ್ನಬಾರದು ಅಂತಾರೆ, ಹೌದಾ?
– ಓದುಗರು, ಶಿರಸಿ ತಾಲೂಕು

ಉತ್ತರ: ತಂಗೀ, ಇದು ಅಚ್ಚಾಗುವವರೆಗೆ ಕಾಯುವ ಪತ್ರ ಅಲ್ಲ ಅಂತಲೇ ಓದಿದ ಕೂಡಲೇ ನಿಮಗೆ ಫೋನ್ ಮಾಡಿದ್ದು. ಅವತ್ತೇ ಹುಬ್ಬಳ್ಳಿಗೆ ಕರೆದುಕೊಂಡು ಹೋದಿರಿ, ಒಳ್ಳೆಯದಾಯ್ತು. ಈಗ ನಿಧಾನವಾಗಿ ಹೇಳುತ್ತೇನೆ.

ಆ ಹತ್ತು ನಿಮಿಷ ಪಿತ್ತ ಅಲ್ಲ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಸಣ್ಣ ಹೆಪ್ಪೊಂದು ಸಿಕ್ಕಿಕೊಂಡು, ತಾನಾಗಿಯೇ ಕರಗಿದ್ದು. ಮಿನಿ ಸ್ಟ್ರೋಕ್ ಅಂತಾರೆ. ಇದಾದ ಮೇಲೆ ದೊಡ್ಡ ಸ್ಟ್ರೋಕ್ ಬರುವ ಭಯ ಮೊದಲ ಎರಡು ದಿನ ತುಂಬಾ ಜಾಸ್ತಿ. ಸರಿಯಾಯ್ತಲ್ಲ ಅಂತ ತೋಟಕ್ಕೆ ಹೋಗುವುದು ನಮ್ಮ ಗಂಡಸರ ಹಳೇ ಚಾಳಿ, ಏನು ಮಾಡೋಣ!

ಸಂಬಂಧ ಏನು ಅಂತ ಕೇಳಿದ್ದೀರಿ. ಶ್ವಾಸಕೋಶದ ಒಂದು ಭಾಗ ತೆಗೆದ 100 ಜನರಲ್ಲಿ ಸುಮಾರು 10ರಿಂದ 20 ಜನರಿಗೆ ಹೃದಯದ ಬಡಿತ ಹದ ತಪ್ಪುತ್ತದೆ. ಹೆಚ್ಚಾಗಿ ಎರಡನೇ, ಮೂರನೇ ದಿನವೇ. ಹೃದಯದ ಪಕ್ಕದಲ್ಲೇ ಕತ್ತರಿ ಆಡಿರುತ್ತದೆ. ಅಲ್ಲಿ ಉರಿಯೂತ, ನೋವು, ಆಮ್ಲಜನಕದ ಕೊರತೆ, ಪೊಟ್ಯಾಸಿಯಂ ಏರುಪೇರು ಎಲ್ಲ ಸೇರಿ ಹೃದಯದ ಮೇಲಿನ ಕೋಣೆ ಸರಿಯಾಗಿ ಬಡಿಯದೆ ಬರೀ ಅದುರತೊಡಗುತ್ತದೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಅಂತ ಹೆಸರು. ತೋಟದ ಕಾಲುವೆಯ ಮೂಲೆಯಲ್ಲಿ ನೀರು ನಿಂತರೆ ಕಸ ಕೂಡಿಕೊಳ್ಳುವುದಿಲ್ವಾ? ಹಾಗೇ ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಅದು ಕಿತ್ತುಕೊಂಡು ಹೊರಟರೆ ನೇರ ಮಿದುಳಿಗೆ.

ನಿಮ್ಮನೆಯವರದ್ದು ಎಡ ಮೇಲ್ಭಾಗ ಅನ್ನುವುದನ್ನೂ ಮರೆಯಬೇಡಿ. ಅಲ್ಲಿಂದ ಹೃದಯಕ್ಕೆ ಬರುವ ರಕ್ತನಾಳವನ್ನು ಕಟ್ಟಿ ಕತ್ತರಿಸಿದಾಗ ಉಳಿಯುವ ಮೋಟು ಬೇರೆ ಭಾಗಗಳಿಗಿಂತ ಉದ್ದ. ಅದರೊಳಗೂ ರಕ್ತ ನಿಂತು ಹೆಪ್ಪಾಗಬಹುದು. ಜಪಾನಿನ ವೈದ್ಯರು ಇದನ್ನು ಗಮನಿಸಿ ಬರೆದಿದ್ದಾರೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ನಿಮ್ಮ ಡಾಕ್ಟರರನ್ನು ಕೇಳಿ, ಬಣ್ಣದ ಔಷಧಿ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್‌ನಲ್ಲಿ ಆ ಮೋಟು ಕಾಣುತ್ತದೆ. ಇನ್ನು, ಕ್ಯಾನ್ಸರ್ ಇದ್ದವರ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂಥದ್ದು.

ಮಾತ್ರೆ ಎಷ್ಟು ದಿನ ಅನ್ನುವುದಕ್ಕೆ ವೈದ್ಯರು ಸ್ಟ್ರೋಕ್ ಬರುವ ಭಯ ಎಷ್ಟಿದೆ ಅಂತ ಅಂಕ ಹಾಕಿ ನೋಡುತ್ತಾರೆ. 65 ದಾಟಿದ್ದಕ್ಕೆ 1, ಬಿಪಿಗೆ 1. ಆಪರೇಶನ್ ಆದ ಮೇಲೆ ಬಂದ ಬಡಿತದ ತೊಂದರೆ ತಾನಾಗಿ ನಿಂತರೆ ಕೆಲವರಿಗೆ ಒಂದೆರಡು ತಿಂಗಳಲ್ಲೇ ಮಾತ್ರೆ ನಿಲ್ಲಿಸುವುದುಂಟು. ಆದರೆ ಆವತ್ತು ಮಾತು ತೊದಲಿದ್ದಕ್ಕೆ ಮತ್ತೆ 2 ಸೇರಿ 4 ಆಯಿತು. ಹಾಗಾಗಿ ನಿಮ್ಮನೆಯವರಿಗೆ ತುಂಬಾ ದಿನ ಬೇಕಾಗಬಹುದು. ನಾನು ದಿನ ಹೇಳಲಾರೆ. ಅವರನ್ನು ನೋಡುವ ಹೃದಯದ ಡಾಕ್ಟರು ಇಸಿಜಿ, ಹೋಲ್ಟರ್ (ಮೈಗೆ ಕಟ್ಟಿ ದಿನವಿಡೀ ಹೃದಯದ ಬಡಿತ ದಾಖಲಿಸುವ ಯಂತ್ರ) ನೋಡಿ ಹೇಳಬೇಕು. ತಾವಾಗಿ ಮಾತ್ರೆ ಬಿಡಬಾರದು.

ಮೂಗಿನಲ್ಲಿ ರಕ್ತ ಬಂದರೆ ಕುಳಿತು, ತಲೆ ಮುಂದೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗವನ್ನು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಲಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಮಂಡಿ ನೋವು ಅಂತ ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ನುಂಗುತ್ತಾರೋ ಕೇಳಿ ನೋಡಿ, ಅದರಿಂದ ರಕ್ತ ಸೋರುವುದು ಜಾಸ್ತಿ.

ತಂಬುಳಿ ಧಾರಾಳ ತಿನ್ನಲಿ. ಸೊಪ್ಪಿನ ಲೆಕ್ಕ ಇರುವುದು ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ವಾರ್ಫರಿನ್‌ಗೆ. ಅದನ್ನು ತಿನ್ನುವವರು ಕೂಡ ಸೊಪ್ಪು ಬಿಡಬೇಕಂತಿಲ್ಲ, ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೆ ಇರಬಾರದು, ಅಷ್ಟೇ.

ಇನ್ನು ನಮ್ಮ ಜಿಲ್ಲೆಯ ಮಾತು. ದೊಡ್ಡ ಆಸ್ಪತ್ರೆ ಕೊಡಿ ಅಂತ ಕೇಳಿ ಕೇಳಿ ಗಂಟಲು ಒಣಗಿದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್, ಮಳೆಗಾಲದಲ್ಲಿ ಮರ ಬಿದ್ದರಂತೂ ಮುಗೀತು. ಸ್ಟ್ರೋಕ್ ಶುರುವಾದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ. ಅದೂ ರಕ್ತ ತೆಳು ಮಾಡುವ ಮಾತ್ರೆ ಆಗಷ್ಟೇ ನುಂಗಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆಗ ತೊಡೆಸಂದಿಯ ರಕ್ತನಾಳದಿಂದ ಸಪೂರ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ದಾರಿಯಿದೆ. ಅದು ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಎಲ್ಲಿದೆ ಅಂತ ಈಗಲೇ ವಿಚಾರಿಸಿ ಗೋಡೆಗೆ ಬರೆದು ಅಂಟಿಸಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಕಷಾಯ, ನೀರು ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಕೂಡ ಬೇಡ. ಲಕ್ವಕ್ಕೆ ಅಂಕೋಲಾ ಕಡೆ ನಾಟಿ ಔಷಧಕ್ಕೆ ಓಡುವವರು ನಮ್ಮಲ್ಲಿ ಬಹಳ. ಮೊದಲ ಗಂಟೆಗಳಲ್ಲಿ ಆ ಕಡೆ ಗಾಡಿ ತಿರುಗಿಸಬೇಡಿ. ಹೊರಡುವಾಗ ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ, ಕೊನೆಯ ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ ಅಂತ ಅಲ್ಲಿ ಖಂಡಿತ ಕೇಳುತ್ತಾರೆ.