ರಾಜ್ಯಶಾಸ್ತ್ರ ತಗೊಳ್ಳಿ, ಆದರೆ ಗೈಡ್ ನಂಬಿಕೊಂಡು ಅಲ್ಲ

ಪಿಯುಸಿ ಮುಗಿದಿದೆ, ರಾಜ್ಯಶಾಸ್ತ್ರ ಇರುವ ಬಿಎ ಸೇರುವ ಆಸೆ, ಮನೆಯವರು ಬಿ.ಕಾಂ. ಮಾಡು ಅಂತಾರೆ, ಇದನ್ನು ಓದಿ ಎಂತ ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಬಿಎ, ಕೊಣಾಜೆಯ ಮಂಗಳೂರು ವಿವಿಯಲ್ಲಿ ಎಂಎ ಮಾಡಿದವಳು. ಆಸೆ ಇದ್ದರೆ ಖಂಡಿತ ಸೇರಿ.

ಕೆಲಸದ ಮಾತು ಮೊದಲು ಮುಗಿಸುತ್ತೇನೆ. ಬರೀ ಬಿಎ ಸರ್ಟಿಫಿಕೇಟ್ ನೋಡಿ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಮೂರು ವರ್ಷದ ಎಲ್‌ಎಲ್‌ಬಿ, ಇಲ್ಲಾಂದ್ರೆ ಎಂಎ ಮಾಡಿ ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ನೆಟ್ ಅಥವಾ ಕೆ-ಸೆಟ್, ಅದೂ ಬೇಡವಾದರೆ ಕೆಎಎಸ್, ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಥರದ ಪರೀಕ್ಷೆ ಬೇಕೇ ಬೇಕು. ಇದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ. ದಾರಿ ಎಷ್ಟು ಉದ್ದ ಅಂತ ಗೊತ್ತಾದರೆ ಅವರ ಗಾಬರಿ ಅರ್ಧ ಇಳಿಯುತ್ತದೆ.

ಈಗ ಓದಿನ ವಿಷಯ. ಪ್ಲೇಟೋ, ಹಾಬ್ಸ್, ಲಾಕ್ ಥರದ ರಾಜಕೀಯ ಚಿಂತಕರೆಲ್ಲ ಸಿಲೆಬಸ್‌ನಲ್ಲಿ ಬರುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಪಾಸಾಗುವವರೂ ಇದ್ದಾರೆ. ಹಾಗೆ ಓದುವುದಾದರೆ ಮೂರು ವರ್ಷ ದಂಡ. ಅಧಿಕಾರ ಯಾರ ಕೈಯಲ್ಲಿದೆ, ಅದು ಹೇಗೆ ಕೈ ಬದಲಾಯಿಸುತ್ತದೆ ಅನ್ನುವುದೇ ಈ ವಿಷಯದ ಜೀವ. ಅದನ್ನು ಕಣ್ಣಾರೆ ನೋಡಲು ನಮ್ಮ ಕರಾವಳಿ ಸಾಕು ಮಾರಾಯ್ರೆ.

ನಿಮ್ಮ ಅಜ್ಜಿಯ ಹತ್ತಿರ 'ಡಿಕ್ಲರೇಶನ್' ಬಗ್ಗೆ, ಅಂದರೆ ಗೇಣಿ ಜಮೀನಿನ ಹಕ್ಕು ಕೇಳಿ ಕೊಡುತ್ತಿದ್ದ ಅರ್ಜಿಯ ಬಗ್ಗೆ, ಕೇಳಿ ನೋಡಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರದ್ದಾಯಿತು. ಒಕ್ಕಲು, ಅಂದರೆ ಗೇಣಿದಾರ, ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟು, ತಾನೇ ಉಳುತ್ತಿದ್ದದ್ದು ಸಾಬೀತಾದರೆ ಹಕ್ಕು ಅವನಿಗೆ. ಮಂಡಳಿಯೆದುರು ವಕೀಲರು ವಾದಿಸುವ ಹಾಗಿಲ್ಲ ಅಂತ ಕಾನೂನಿನಲ್ಲೇ ಇತ್ತು. ಇದು ಸಣ್ಣ ವಿಷಯ ಅಲ್ಲ. ವಕೀಲರನ್ನು ಇಟ್ಟುಕೊಳ್ಳುವ ತಾಕತ್ತು ಜಮೀನಿನ ಧಣಿಗಳಿಗೇ ಜಾಸ್ತಿ ಇದ್ದದ್ದು ಅಲ್ವಾ?

ಎಂಎ ಓದುವಾಗ ಒಂದು ಮನೆಯಲ್ಲಿ ಭೂನ್ಯಾಯಮಂಡಳಿ ಹಕ್ಕು ಕೊಟ್ಟ ಅಂಥ ಒಂದು ಆದೇಶದ ಪ್ರತಿ ತೋರಿಸಿದರು. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ, ಕಪಾಟಿನಲ್ಲಿ ಚಿನ್ನದ ಜೊತೆ ಇಟ್ಟಿದ್ದರು. ಧಣಿಯ ಹೆಸರು, ಒಕ್ಕಲಿನ ಹೆಸರು, ಸರ್ವೆ ನಂಬರ್, ಎಕ್ರೆ, ಸೆಂಟ್ಸ್, ಕೆಳಗೆ ಸೀಲು. ಸರ್ಕಾರ ಮನಸ್ಸು ಮಾಡಿದರೆ ಏನು ಮಾಡಬಹುದು ಅಂತ ನನಗೆ ಆ ಕಾಗದದಿಂದ ಅರ್ಥವಾದಷ್ಟು ಯಾವ ಪಾಠದಿಂದಲೂ ಆಗಿರಲಿಲ್ಲ. ಅದೇ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳು ಕಾನೂನಿನ ಲೆಕ್ಕದಲ್ಲಿ ಗೇಣಿದಾರರಲ್ಲ. ಹಾಗಾಗಿ ಹೆಚ್ಚಿನವರಿಗೆ ಗದ್ದೆ ಸಿಗಲಿಲ್ಲ. ಇದನ್ನು ಬಿಟ್ಟು ಬರೀ ಹೊಗಳುವ ಉತ್ತರ ಬರೆಯಬೇಡಿ, ಮಾರ್ಕು ಸಿಕ್ಕಿದರೂ ಅದು ಪೂರ್ತಿ ಸತ್ಯ ಅಲ್ಲ.

ನಿಮ್ಮೂರಿನ ಗ್ರಾಮಸಭೆಗೆ ಹೋಗಿ, ಸುಮ್ನೆ ಹಿಂದೆ ಕೂತು ಕೇಳಿ. ಸಂವಿಧಾನವನ್ನು ಕನ್ನಡದಲ್ಲೇ ಓದಲು ಶುರುಮಾಡಿ. ಇಂಗ್ಲಿಷ್ ಓದುವ ಅಭ್ಯಾಸ ಈಗಿನಿಂದಲೇ ಇರಲಿ, ಎಂಎಗೆ ಬಂದಾಗ ಒಳ್ಳೆಯ ಪುಸ್ತಕ ಹೆಚ್ಚಿನವು ಅದರಲ್ಲೇ. ಜೊತೆಗೆ ಅರ್ಥಶಾಸ್ತ್ರ ಇರುವ ಕಾಂಬಿನೇಶನ್ ಸಿಕ್ಕಿದರೆ ಬಿಡಬೇಡಿ. ಮಕ್ಕಳು ಕಮ್ಮಿಯಾದರೆ ಕೆಲವು ಕಾಂಬಿನೇಶನ್ ನಡೆಸುವುದಿಲ್ಲ, ಫೀಸ್ ಕಟ್ಟುವ ಮೊದಲು ಆಫೀಸಿನಲ್ಲಿ ವಿಚಾರಿಸಿಕೊಳ್ಳಿ.